‘ಹೆಚ್ಚು ಸ್ಥಾನ’ವೇ ‘ಬಹುಮತ’ವೇ? ಸರ್ಕಾರ ರಚನೆಯ ಪಾಠವನ್ನು ಎರಡು ಬಾರಿ ಬೋಧಿಸಿದ ಅನುಭವ

ಬೋಧನಾಭ್ಯಾಸದ ಮೂರನೆಯ ವಾರ ನನಗೆ ಒಂಬತ್ತನೆಯ ತರಗತಿಯಲ್ಲಿ ರಾಜ್ಯ ಸರ್ಕಾರದ ರಚನೆಯನ್ನು ಬೋಧಿಸುವ ಕೆಲಸ ಬಂತು. ಪರಿಚಿತ ವಿಷಯ, ಸುಲಭವಾಗಿ ಮುಗಿಯುತ್ತದೆ ಎಂದುಕೊಂಡಿದ್ದೆ. ಒಂದೇ ವಾರದಲ್ಲಿ ಅದೇ ಪಾಠವನ್ನು ಅದೇ ಮಕ್ಕಳಿಗೆ ಮತ್ತೊಮ್ಮೆ ಬೋಧಿಸಬೇಕಾಯಿತು. ಏಕೆ ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪಾಠ

ಉದಾಹರಣೆಗೆ 2023ರ ಕರ್ನಾಟಕ ವಿಧಾನಸಭಾ ಚುನಾವಣೆಯನ್ನು ಆರಿಸಿಕೊಂಡೆ. ಒಟ್ಟು 224 ಸ್ಥಾನ. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. ಮೇ 13ರಂದು ಫಲಿತಾಂಶ, ಮೇ 20ರಂದು ಸಿದ್ದರಾಮಯ್ಯನವರ ಪ್ರಮಾಣವಚನ. ಚಾರ್ಟ್ ಚೆನ್ನಾಗಿತ್ತು, ಮಕ್ಕಳು ಚುರುಕಾಗಿ ಉತ್ತರಿಸಿದರು. ಕೊನೆಗೆ ಕಪ್ಪುಹಲಗೆಯ ಮೇಲೆ ಸಾರಾಂಶವಾಗಿ ಹೀಗೆ ಬರೆದೆ: ‘ಚುನಾವಣೆಯಲ್ಲಿ ಅತಿ ಹೆಚ್ಚು ಸ್ಥಾನ ಗಳಿಸಿದ ಪಕ್ಷ ಸರ್ಕಾರ ರಚಿಸುತ್ತದೆ.’

ಮಕ್ಕಳು ಬರೆದುಕೊಳ್ಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಮಿಸ್, ಹಾಗಾದ್ರೆ 37 ಸೀಟಿನ ಕುಮಾರಸ್ವಾಮಿ ಹೆಂಗೆ ಮುಖ್ಯಮಂತ್ರಿ ಆದ್ರು?” ಪಕ್ಕದಿಂದ ಮತ್ತೊಬ್ಬ, “ಅದು ಮೋಸ ಮಿಸ್, ನಮ್ಮಪ್ಪ ಹೇಳ್ತಿದ್ರು” ಎಂದ. “ಮೋಸ ಅಲ್ಲ ಕಣೋ” ಎಂದು ಮೂರನೆಯವಳು ತಿರುಗಿಬಿದ್ದಳು. ಗಲಾಟೆಯಾಗುತ್ತದೆಂದು ಹೆದರಿ, “ಅದು ರಾಜಕೀಯ, ನಾವು ಪಾಠಕ್ಕೆ ಬರೋಣ” ಎಂದುಬಿಟ್ಟೆ.

ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಇಷ್ಟೆ: ‘ಹಲಗೆಯ ವಾಕ್ಯ ತಪ್ಪು. ಹುಡುಗನ ಪ್ರಶ್ನೆಯೇ ಪಾಠ.’

ತಪ್ಪು ಎಲ್ಲಿತ್ತು?

ಅಂದು ಸಂಜೆ ಯೋಚಿಸಿದಾಗ ಎರಡು ತಪ್ಪು ಕಂಡವು. ಮೊದಲನೆಯದು ಉದಾಹರಣೆಯ ಆಯ್ಕೆ. 2023ರಲ್ಲಿ ಅತಿ ದೊಡ್ಡ ಪಕ್ಷಕ್ಕೇ ಬಹುಮತವೂ ಬಂದಿತ್ತು. ಎರಡೂ ಒಂದೇ ಕಡೆ ಇದ್ದಾಗ ಅವುಗಳ ವ್ಯತ್ಯಾಸ ಮಕ್ಕಳಿಗೆ ಕಾಣುವುದೇ ಇಲ್ಲ. ಸಂವಿಧಾನದ 164ನೇ ವಿಧಿಯ ಪ್ರಕಾರ ಮುಖ್ಯಮಂತ್ರಿಯನ್ನು ನೇಮಿಸುವವರು ರಾಜ್ಯಪಾಲರು, ಮಂತ್ರಿಮಂಡಲ ಸಾಮೂಹಿಕವಾಗಿ ಹೊಣೆಯಾಗಿರುವುದು ವಿಧಾನಸಭೆಗೆ. ಅತಿ ದೊಡ್ಡ ಪಕ್ಷವನ್ನೇ ಕರೆಯಬೇಕೆಂದು ಅದರಲ್ಲಿ ಎಲ್ಲೂ ಹೇಳಿಲ್ಲ.

ಎರಡನೆಯದು, ಪಕ್ಷಗಳ ಹೆಸರು ಬಂದೊಡನೆ ನಾನು ಹಿಂದೆ ಸರಿದದ್ದು. ಮಾರ್ಗದರ್ಶಕರು ಹೇಳಿದರು: “ನೋಡಮ್ಮಾ, 2018 ಒಂದನ್ನೇ ಹೇಳಿದರೆ ಅರ್ಧ ತರಗತಿಗೆ ನೀನು ಒಂದು ಪಕ್ಷದ ಕಡೆ ಅನ್ನಿಸುತ್ತೆ. ಪಕ್ಷಗಳ ಜಾಗ ಅದಲುಬದಲಾದ ಇನ್ನೊಂದು ಪ್ರಸಂಗ ಜೊತೆಗಿಡು.” ಗೋವಾ 2017 ನೆನಪಾಯಿತು.

ಮರುಪಾಠ

ಬೋಧನೋದ್ದೇಶವನ್ನು ಬದಲಿಸಿಕೊಂಡೆ: ‘ವಿದ್ಯಾರ್ಥಿಯು ಅತಿ ದೊಡ್ಡ ಪಕ್ಷಕ್ಕೂ ಸದನದ ಬಹುಮತಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿ, ಬಹುಮತ ಎಲ್ಲಿ ಸಾಬೀತಾಗಬೇಕೆಂದು ಕಾರಣಸಹಿತ ಹೇಳುವನು.’ ಬೋಧನೋಪಕರಣ ಎಂದರೆ ಚೀಟಿಗಳು ಮಾತ್ರ. ಪ್ರತಿ ಮಗುವಿಗೂ ಎರಡು.

ಮೊದಲ ಚೀಟಿಯಲ್ಲಿ ರಾಜ್ಯದ ಹೆಸರಾಗಲಿ ಪಕ್ಷದ ಹೆಸರಾಗಲಿ ಇರಲಿಲ್ಲ. ‘ಒಟ್ಟು ಸ್ಥಾನ 40. ಚ ಪಕ್ಷ 17, ಟ ಪಕ್ಷ 13, ಉಳಿದವರು 10. ಟ ಪಕ್ಷದವರು ಇತರರೊಂದಿಗೆ ಸೇರಿ 21 ಶಾಸಕರ ಬೆಂಬಲ ಪತ್ರ ಕೊಟ್ಟಿದ್ದಾರೆ. ನೀವು ರಾಜ್ಯಪಾಲರು. ಯಾರನ್ನು ಕರೆಯುತ್ತೀರಿ? ಏಕೆ?’ ಮಕ್ಕಳು ಶಾಂತವಾಗಿ ಬರೆದರು. ಹೆಚ್ಚಿನವರ ಉತ್ತರ ಒಂದೇ: ಟ ಪಕ್ಷದ ಕೂಟವನ್ನು, ಏಕೆಂದರೆ 40ರಲ್ಲಿ 21 ಅರ್ಧಕ್ಕಿಂತ ಹೆಚ್ಚು. ಕೆಲವರು ಮಾತ್ರ ಚ ಪಕ್ಷವೆಂದು ಬರೆದರು. ಜನ ಹೆಚ್ಚು ಗೆಲ್ಲಿಸಿದ್ದು ಅವರನ್ನೇ ಎಂಬುದು ಅವರ ಕಾರಣ.

ಎರಡನೆಯ ಚೀಟಿಯಲ್ಲಿ ಹೆಸರುಗಳಿದ್ದವು. ‘ಕರ್ನಾಟಕ, ಮೇ 15, 2018. ಚುನಾವಣೆ ನಡೆದ ಸ್ಥಾನ 222. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಇತರರು 3. ಅತಿ ದೊಡ್ಡ ಪಕ್ಷವೆಂದು ಬಿಜೆಪಿ ಅವಕಾಶ ಕೇಳಿದೆ. ಕಾಂಗ್ರೆಸ್ ಮತ್ತು ಜೆಡಿಎಸ್ ಒಟ್ಟಾಗಿ ಬಹುಮತವಿದೆ ಎನ್ನುತ್ತಿವೆ. ಯಾರನ್ನು ಕರೆಯುತ್ತೀರಿ? ಏಕೆ?’ ಈಗ ಪಿಸುಮಾತು ಶುರುವಾಯಿತು, ಬೆಂಚುಗಳ ನಡುವೆ ಕಣ್ಸನ್ನೆಗಳಾದವು. ಉತ್ತರಗಳು ಎರಡು ಭಾಗವಾದವು.

ಚೀಟಿಗಳನ್ನು ಕೂಡಲೇ ಸಂಗ್ರಹಿಸಲಿಲ್ಲ. “ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಂದೇ ನಿಯಮ ಬಳಸಿದ್ದೀರಾ?” ಎಂದು ಕೇಳಿದೆ. ತರಗತಿ ಸುಮ್ಮನಾಯಿತು. ಆಮೇಲೆ ಮೊದಲ ಚೀಟಿಯ ಹೆಸರುಗಳನ್ನು ಬಿಚ್ಚಿದೆ. ಅದು ಗೋವಾ, ಚ ಎಂದರೆ ಕಾಂಗ್ರೆಸ್, ಟ ಎಂದರೆ ಬಿಜೆಪಿ. ‘ಮೋಸ’ ಎಂದಿದ್ದ ಹುಡುಗ ಕೈಯೆತ್ತಿದ: “ಮಿಸ್, ಒಂದು ಚೀಟಿ ಬದಲಾಯಿಸ್ಕೋಬೇಕು. ಆದರೆ ಯಾವುದು ಬದಲಾಯಿಸೋದು ಅಂತ ಗೊತ್ತಾಗ್ತಿಲ್ಲ.” ಅವನ ವಿರುದ್ಧ ವಾದಿಸಿದ್ದ ಹುಡುಗಿಯ ಚೀಟಿಗಳಲ್ಲೂ ಎರಡು ಬೇರೆ ನಿಯಮಗಳಿದ್ದವು.

ನಂತರ ನಡೆದ ಘಟನೆಗಳನ್ನು ಹಲಗೆಯ ಮೇಲೆ ಒಂದೊಂದಾಗಿ ಬರೆದೆ. ಪ್ರತಿ ದಿನಾಂಕಕ್ಕೂ ನಿಲ್ಲಿಸಿ ‘ಮುಂದೇನು?’ ಎಂದು ಕೇಳುತ್ತ ಹೋದೆ.

ಗೋವಾ, 2017: ಮಾರ್ಚ್ 14ರಂದು ಮನೋಹರ್ ಪರಿಕ್ಕರ್ ಪ್ರಮಾಣವಚನ. ಸುಪ್ರೀಂ ಕೋರ್ಟಿನ ಸೂಚನೆಯಂತೆ ಮಾರ್ಚ್ 16ರಂದು ವಿಶ್ವಾಸಮತ, 22–16ರಿಂದ ಗೆಲುವು.

ಕರ್ನಾಟಕ, 2018: ಮೇ 17ರಂದು ಯಡಿಯೂರಪ್ಪನವರ ಪ್ರಮಾಣವಚನ, ಬಹುಮತ ಸಾಬೀತಿಗೆ ರಾಜ್ಯಪಾಲರಿಂದ 15 ದಿನ. ಮೇ 18ರಂದು ಸುಪ್ರೀಂ ಕೋರ್ಟ್ ಆದೇಶ, ಮರುದಿನ ಸಂಜೆ 4ಕ್ಕೇ ವಿಶ್ವಾಸಮತ. ಮೇ 19ರಂದು ಮತಕ್ಕೆ ಹಾಕುವ ಮೊದಲೇ ರಾಜೀನಾಮೆ. ಮೇ 23ರಂದು ಕುಮಾರಸ್ವಾಮಿಯವರ ಪ್ರಮಾಣವಚನ, ಮೇ 25ರಂದು ವಿಶ್ವಾಸಮತದಲ್ಲಿ ಗೆಲುವು.

ಕರ್ನಾಟಕ, 2019: ಜುಲೈ 23ರಂದು ಅದೇ ಸರ್ಕಾರಕ್ಕೆ 99–105ರಿಂದ ಸೋಲು.

ಒಂದು ಕಡೆ ಕೂಟವನ್ನು ಕರೆದರು, ಇನ್ನೊಂದು ಕಡೆ ಅತಿ ದೊಡ್ಡ ಪಕ್ಷವನ್ನು ಕರೆದರು. ಹಾಗಾದರೆ ಎರಡರಲ್ಲೂ ಸಮಾನವಾದದ್ದು ಏನು? ಸ್ವಲ್ಪ ಹೊತ್ತಿನ ಮೇಲೆ ಹುಡುಗಿಯೊಬ್ಬಳು ಹೇಳಿದಳು: “ಎರಡು ಕಡೇನೂ ಕೊನೆಗೆ ಅಸೆಂಬ್ಲಿಗೇ ಹೋಗ್ಬೇಕಾಯ್ತು ಮಿಸ್.” ನನಗೆ ಬೇಕಾಗಿದ್ದ ಉತ್ತರ ಅದೇ. ಈ ತತ್ವವನ್ನು ಗಟ್ಟಿಮಾಡಿದ್ದೂ ನಮ್ಮ ರಾಜ್ಯದ ಪ್ರಕರಣವೇ ಎಂದು ಸೇರಿಸಿದೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ಸದನದಲ್ಲಿ ಬಹುಮತ ತೋರಿಸಲು ಅವಕಾಶ ಕೊಡದೆಯೇ ವಜಾ ಮಾಡಲಾಯಿತು. 1994ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಎಂದು ಹೇಳಿತು.

ನಾನು ನಿರೀಕ್ಷಿಸದ ಪ್ರಶ್ನೆಯೊಂದು ಆಗ ಬಂತು: “224ಕ್ಕೆ 113 ಬೇಕಲ್ವಾ ಮಿಸ್? 105ಕ್ಕೇ ಸರ್ಕಾರ ಹೆಂಗೆ ಬಿತ್ತು?” ಮೊದಲ ಪಾಠದಲ್ಲಾದರೆ ಇದನ್ನೂ ತಪ್ಪಿಸಿಕೊಳ್ಳುತ್ತಿದ್ದೆ. ಈ ಬಾರಿ ಹಲಗೆಯಲ್ಲೇ ಕೂಡಿಸಿದೆವು: 99+105=204. ಸದನದ ತೀರ್ಮಾನ ಹಾಜರಿದ್ದು ಮತ ಹಾಕಿದವರ ಬಹುಮತದಿಂದ ಆಗುತ್ತದೆ, 204ರಲ್ಲಿ ಅರ್ಧ 102. ಆಗ ಶಾಸಕರ ರಾಜೀನಾಮೆ, ಗೈರುಹಾಜರಿಗೆ ಏಕೆ ಅಷ್ಟು ಮಹತ್ವ ಬಂದಿತ್ತೆಂದು ಮಕ್ಕಳೇ ಊಹಿಸಿದರು. ಪಕ್ಷಾಂತರ ನಿಷೇಧ ಕಾನೂನನ್ನು ಮುಂದಿನ ತರಗತಿಗೆ ಉಳಿಸಿಕೊಂಡೆ.

ಮೌಲ್ಯಮಾಪನ

ಮರುದಿನ ಕಾಲ್ಪನಿಕ ಸಂಖ್ಯೆಗಳ ಹೊಸ ಚೀಟಿ ಕೊಟ್ಟೆ. ‘ಅತಿ ದೊಡ್ಡ ಪಕ್ಷ’ ಮತ್ತು ‘ಬಹುಮತ’ವನ್ನು ಬಹುತೇಕರು ಬೇರ್ಪಡಿಸಿ ಬರೆದರು. ಆದರೂ ಕೆಲವರು ‘ಕೋರ್ಟ್ ಸರ್ಕಾರವನ್ನು ಆರಿಸುತ್ತದೆ’ ಎಂದು ಬರೆದಿದ್ದರು. ಕೋರ್ಟ್ ದಿನ ಗೊತ್ತುಮಾಡಿತೇ ಹೊರತು ತೀರ್ಮಾನ ಸದನದ್ದು ಎಂಬುದನ್ನು ನಾನು ಒತ್ತಿ ಹೇಳಿರಲಿಲ್ಲ. ಅದು ನನ್ನ ಕೊರತೆ.

ನಾನು ಕಲಿತದ್ದು

ಪರಿಕಲ್ಪನೆಗಳ ವ್ಯತ್ಯಾಸ ತೋರಿಸಬೇಕಾದಾಗ ಅವೆರಡೂ ಬೇರೆಯಾಗಿ ನಿಲ್ಲುವ ಉದಾಹರಣೆ ಬೇಕು. ನೇರವಾದ ಉದಾಹರಣೆ ಅಭ್ಯಾಸಕ್ಕೆ ಒಳ್ಳೆಯದು, ಮೊದಲ ಬೋಧನೆಗೆ ಸಾಲದು. ಪಕ್ಷಗಳ ವಿಷಯ ಬಂದಾಗ ಬಾಯಿ ಮುಚ್ಚಿಸುವುದು ತಟಸ್ಥತೆಯಲ್ಲ. ಒಂದೇ ನಿಯಮವನ್ನು ಎರಡೂ ಕಡೆಗೆ ಹಿಡಿದು ನೋಡಲು ಮಕ್ಕಳಿಗೆ ಅವಕಾಶ ಕೊಡುವುದು ತಟಸ್ಥತೆ.

ಇನ್ನೊಂದು ಮಾತನ್ನೂ ಹೇಳಬೇಕು. ಪಾಠದ ಹಿಂದಿನ ರಾತ್ರಿ ಆ ಎರಡು ಚೀಟಿಗಳಿಗೆ ನಾನೂ ಉತ್ತರ ಬರೆದು ನೋಡಿದ್ದೆ. ಗೋವಾಕ್ಕೆ ಒಂದು ಕಾರಣ ಕೊಟ್ಟಿದ್ದೆ, ಕರ್ನಾಟಕಕ್ಕೆ ಇನ್ನೊಂದು. ಅದನ್ನು ಹರಿದುಹಾಕದೆ ಪಾಠಯೋಜನೆಯ ಪುಸ್ತಕದಲ್ಲೇ ಅಂಟಿಸಿಟ್ಟಿದ್ದೇನೆ. ಈ ಪಾಠ ಮಾಡುವ ಮೊದಲು ನೀವೂ ಒಮ್ಮೆ ಬರೆದು ನೋಡಿ.