ಗ್ಯಾಸ್ ತುಂಬಿಸುವ ಮುನ್ನ ಲೇಬಲ್ ಓದಿ

"ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು." ಏಪ್ರಿಲ್ ಬಂತೆಂದರೆ ದಾವಣಗೆರೆ, ಹರಿಹರದ ಮನೆ ಮನೆಗಳಲ್ಲಿ ಕೇಳುವ ಮಾತಿದು. ಫ್ರಿಜ್, ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ತೀರುವಂಥದ್ದಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಮೊದಲು ಲೀಕ್ ಹುಡುಕಿಸಿ ಮುಚ್ಚಿಸಿ. ವ್ಯಾಕ್ಯೂಮ್ ಪಂಪ್ ಹಚ್ಚಿ ಗಾಳಿ, ತೇವ ತೆಗೆಸಿ. ಗ್ಯಾಸ್ ಆಮೇಲೆ.

ಯಾವ ಗ್ಯಾಸ್ ಎಂಬುದನ್ನು ಯಂತ್ರದ ಲೇಬಲ್ಲೇ ಹೇಳುತ್ತದೆ. ಈಗಿನ ಮನೆ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅಂದರೆ ಐಸೊಬ್ಯುಟೇನ್. ಅಡುಗೆ ಸಿಲಿಂಡರಿನ ಗ್ಯಾಸಿಗೆ ಹತ್ತಿರದ ನೆಂಟ. ಬೇಕಾಗುವುದು ಹತ್ತಾರು ಗ್ರಾಂ ಮಾತ್ರ, ಹಾಗಾಗಿ ತೂಕದ ಯಂತ್ರವಿಲ್ಲದೆ ಅಂದಾಜಿನಲ್ಲಿ ತುಂಬುವವರನ್ನು ಒಪ್ಪಬೇಡಿ. ಬೆಂಕಿ ಹತ್ತುವ ಗ್ಯಾಸ್ ಇದು. ಒಳಗಿರುವುದನ್ನು ಪೂರ್ತಿ ಹೊರಹಾಕಿ, ಕಿಟಕಿ ಬಾಗಿಲು ತೆರೆದ ಮೇಲೆಯೇ ಬೆಸುಗೆಯ ಜ್ವಾಲೆ ಹಚ್ಚಬೇಕು.

ಎಸಿ ಕೊಳ್ಳುವವರು ನಮ್ಮೂರಿನ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ತಾರಸಿಯ ಮೇಲಿನ ಹೊರ ಘಟಕ ಕಾದ ಕಾಂಕ್ರೀಟಿನ ಪಕ್ಕ ಕೂತಿರುತ್ತದೆ. ಸೆಕೆ ಏರಿದಷ್ಟೂ ಆರ್-410ಎ ಸೋಲುತ್ತದೆ, ಆರ್-32 ಅದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಭೂಮಿಯನ್ನು ಬಿಸಿ ಮಾಡುವ ಶಕ್ತಿಯನ್ನು ಇಂಗಾಲದ ಡೈಆಕ್ಸೈಡ್‌ಗೆ ಹೋಲಿಸಿದರೆ ಆರ್-410ಎ 2,088 ಪಟ್ಟು, ಹಳೆಯ ಆರ್-22 1,810 ಪಟ್ಟು, ಆರ್-32 675 ಪಟ್ಟು. ಪ್ರೊಪೇನ್, ಅಂದರೆ ಆರ್-290, ಐದು ಪಟ್ಟನ್ನೂ ಮುಟ್ಟುವುದಿಲ್ಲ. ಆದರೆ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಅದರಲ್ಲಿ ಪಳಗಿದ ಮೆಕ್ಯಾನಿಕ್ ಊರಲ್ಲಿದ್ದರೆ ಆರ್-290, ಇಲ್ಲದಿದ್ದರೆ ಆರ್-32 ಎಂಬುದು ನನ್ನ ಸಲಹೆ.

ಓಜೋನ್ ಪದರ ಕೊರೆಯುವ ಆರ್-22ನ್ನು 1987ರ ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ಕೈಬಿಡಲಾಗುತ್ತಿದೆ. ಹಳೆಯ ಎಸಿ ಇದ್ದರೆ ಓಡುವಷ್ಟು ದಿನ ಓಡಲಿ, ಅದಕ್ಕೆ ಆರ್-32 ಮಾತ್ರ ತುಂಬಿಸಬೇಡಿ. ಆರ್-32ರ ಒತ್ತಡ ಆರ್-22ರ ಒಂದೂವರೆ ಪಟ್ಟಿಗೂ ಹೆಚ್ಚು, ಹಳೆಯ ಕಂಪ್ರೆಸರ್ ಅದಕ್ಕಾಗಿ ಮಾಡಿದ್ದಲ್ಲ.

ಬೆಣ್ಣೆ ದೋಸೆ ಹೋಟೆಲಿನವರಿಗೆ, ಐಸ್‌ಕ್ರೀಂ ಅಂಗಡಿಯವರಿಗೆ ಒಂದು ಮಾತು: ಡೀಪ್ ಫ್ರೀಜರ್ ಕೊಳ್ಳುವಾಗ ಆರ್-404ಎ ಬಿಟ್ಟು ಆರ್-290 ಇರುವುದನ್ನು ಕೇಳಿ. ಮೊದಲನೆಯದರ ಲೆಕ್ಕ 3,922 ಪಟ್ಟು.

ಐಸ್ ಕಾರ್ಖಾನೆ, ದೊಡ್ಡ ಕೋಲ್ಡ್ ಸ್ಟೋರೇಜ್, ಡೇರಿಗಳಿಗೆ ಅಮೋನಿಯಾವೇ ಸರಿ. ಅಗ್ಗದ್ದು, ಓಜೋನಿಗೂ ಹವಾಮಾನಕ್ಕೂ ಹಾನಿಯಿಲ್ಲ; ಒಂದು ಕಿಲೋ ಅಮೋನಿಯಾ ಆವಿಯಾಗುವಾಗ ಆರ್-22ಕ್ಕಿಂತ ಐದಾರು ಪಟ್ಟು ಶಾಖ ಹೀರುತ್ತದೆ. ಆದರೆ ವಿಷ. ತಾಮ್ರವನ್ನು ತಿನ್ನುವುದರಿಂದ ಕೊಳವೆ ಉಕ್ಕಿನದೇ ಆಗಬೇಕು. ಯಂತ್ರಕೋಣೆ ವಸತಿಯಿಂದ ದೂರ, ಗಾಳಿಯಾಡುವಂತಿರಲಿ. ಸೋರಿಕೆ ಎಚ್ಚರಿಸುವ ಅಲಾರಂ ಇರಲಿ, ಮುಖವಾಡಗಳು ಬಾಗಿಲ ಹೊರಗೆ ಕೈಗೆಟಕುವಂತಿರಲಿ. ನೆಲದ ಮೇಲೆ ನಿಂತ ದ್ರವ ಅಮೋನಿಯಾಕ್ಕೆ ನೀರು ಸುರಿಯಬೇಡಿ, ಇನ್ನೂ ಜೋರಾಗಿ ಆವಿಯಾಗುತ್ತದೆ. ಸೋರಿದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಓಡಿ. ಅಮೋನಿಯಾ ಬೆರೆತ ನೀರು ಚರಂಡಿಯಿಂದ ತುಂಗಭದ್ರೆಗೆ ಸೇರಿದರೆ ಮೀನು ಸಾಯುತ್ತವೆ. ಅದನ್ನು ಹಿಡಿದಿಡುವ ತೊಟ್ಟಿ ಕಟ್ಟಿಸಿ.

ಮುಂದಿನ ಸಲ ಮೆಕ್ಯಾನಿಕ್ ಬಂದಾಗ, ತುಂಬಿದ ಗ್ಯಾಸಿನ ಹೆಸರು, ತೂಕ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.