ಬಯಲು ನೆಲದ ಒಂಟಿ ಜೇನು: ಮಕ್ಕಳಿಗೊಂದು ಪಾಠ, ಪಂಚಾಯಿತಿಗೊಂದು ಹೊಣೆ



ಜೇನು ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಮರದ ಕೊಂಬೆಗೆ ಕಟ್ಟಿದ ಹೆಜ್ಜೇನಿನ ಹುಟ್ಟಿ, ಇಲ್ಲವೇ ಪೆಟ್ಟಿಗೆಯಲ್ಲಿ ಸಾಕುವ ತುಡುವೆ. ಜಗತ್ತಿನಲ್ಲಿ ಈವರೆಗೆ ಗುರುತಿಸಲಾಗಿರುವ ಜೇನು ಜಾತಿಗಳ ಸಂಖ್ಯೆ 20,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಹುಟ್ಟಿ ಕಟ್ಟುವುದಿಲ್ಲ, ನಾವು ತಿನ್ನುವಂಥ ಜೇನುತುಪ್ಪವನ್ನೂ ಕೂಡಿಡುವುದಿಲ್ಲ. ಒಂದೊಂದು ಹೆಣ್ಣೂ ಒಂಟಿಯಾಗಿ ಗೂಡು ಮಾಡಿ, ಮೊಟ್ಟೆಯಿಟ್ಟು, ಸಂತತಿಗೆ ಬೇಕಾದ ಆಹಾರವನ್ನು ತಾನೇ ತಂದಿಡುತ್ತದೆ. ಇಂತಹ ಒಂಟಿ ಜೇನುಗಳಲ್ಲಿ ಹೆಚ್ಚಿನವು ವಾಸಿಸುವುದು ನೆಲದೊಳಗೆ.

ಒಣ ನೆಲವೆಂದರೆ ಜೀವವಿಲ್ಲದ ನೆಲ ಎಂಬ ಭಾವನೆ ಸಾಮಾನ್ಯ. ಜೇನಿನ ವಿಷಯದಲ್ಲಿ ಇದು ಸರಿಯಲ್ಲ. ಬಿಸಿಲು ಹೆಚ್ಚಿರುವ ಒಣ ಪ್ರದೇಶಗಳಲ್ಲಿಯೇ ಜೇನಿನ ವೈವಿಧ್ಯ ಅಧಿಕ. ಅಮೆರಿಕದ ಸೋನೊರಾ ಮರುಭೂಮಿಯಲ್ಲಿ ಗಟ್ಟಿ ನೆಲವನ್ನು ಕೊರೆದು ಗೂಡು ಮಾಡುವ ಡಯಾಡೇಸಿಯಾ ಎಂಬ ಒಂಟಿ ಜೇನು, ಪಾಪಾಸುಕಳ್ಳಿಯ ಹೂವುಗಳ ಪರಾಗಸ್ಪರ್ಶಕ್ಕೆ ನೆರವಾಗುತ್ತದೆ. ನಮ್ಮ ಬೇಲಿಗಳಲ್ಲಿ ಬೆಳೆಯುವ ಪಾಪಾಸುಕಳ್ಳಿಯ ಮೂಲವೂ ಅಮೆರಿಕ ಖಂಡವೇ. ನಾಗಮಂಗಲ ಮತ್ತು ಕೆ.ಆರ್.ಪೇಟೆಯ ಮಳೆಯಾಶ್ರಿತ ಬಯಲು, ಮೇಲುಕೋಟೆಯ ಬೆಟ್ಟದ ತಪ್ಪಲು, ಶ್ರೀರಂಗಪಟ್ಟಣದ ನಾಲೆ ಬದಿಯ ಮಣ್ಣಿನ ದಿಬ್ಬ ಮರುಭೂಮಿಗಳಲ್ಲ. ಆದರೂ ನೆಲ ಕೊರೆಯುವ ಜೇನಿಗೆ ಇವೆಲ್ಲವೂ ಒಳ್ಳೆಯ ನೆಲೆಗಳೇ.

ನೀಲಿ ಪಟ್ಟಿಯ ಜೇನು

ಮಕ್ಕಳಿಗೆ ಪರಿಚಯಿಸಲು ಯೋಗ್ಯವಾದುದು ನಮ್ಮದೇ ನೆಲದ ನೀಲಿ ಪಟ್ಟಿಯ ಜೇನು. ವಿಜ್ಞಾನದಲ್ಲಿ ಇದರ ಕುಲನಾಮ ಅಮೆಗಿಲ್ಲಾ. ಕಪ್ಪು ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟಿಗಳು, ಎದೆಯ ಮೇಲೆ ಕಂದು ರೋಮ, ಹೂವಿನಿಂದ ಹೂವಿಗೆ ಗಕ್ಕನೆ ತಿರುಗುವ ಹಾರಾಟ: ಗುರುತಿಸಲು ಇಷ್ಟು ಸಾಕು. ಹೆಣ್ಣು ಜೇನು ಮಣ್ಣಿನ ದಿಬ್ಬದಲ್ಲಿ ಅಥವಾ ಹಳೆಯ ಮಣ್ಣುಗೋಡೆಯಲ್ಲಿ ಸುರಂಗ ತೋಡುತ್ತದೆ. ಕೊನೆಯಲ್ಲಿ ಚಿಕ್ಕ ಕೋಣೆ ಮಾಡಿ, ಪರಾಗ ಮತ್ತು ಮಕರಂದ ತುಂಬಿ, ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಗಂಡು ಜೇನುಗಳು ಸಂಜೆಯಾದೊಡನೆ ಒಣ ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಸಾಲಾಗಿ ನೇತಾಡುತ್ತ ನಿದ್ರಿಸುತ್ತವೆ. ಮಕ್ಕಳು ಈ ನೋಟವನ್ನು ಒಮ್ಮೆ ಕಂಡರೆ ಮರೆಯಲಾರರು.

ನಾದದಿಂದ ನಡೆಯುವ ಪರಾಗಸ್ಪರ್ಶ

ಬದನೆ ಮತ್ತು ಟೊಮೇಟೊ ಹೂವಿನ ಪರಾಗವು ಕೊಳವೆಯಂತಹ ಪರಾಗಕೋಶದೊಳಗೆ ಅಡಗಿದ್ದು, ತುದಿಯ ಕಿರಿದಾದ ರಂಧ್ರದಿಂದ ಹೊರಬರಬೇಕು. ನೀಲಿ ಪಟ್ಟಿಯ ಜೇನು ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ, ಹಾರಾಟದ ಸ್ನಾಯುಗಳನ್ನು ಮಾತ್ರ ಕಂಪಿಸುತ್ತದೆ. ಆ ಕಂಪನಕ್ಕೆ ಪರಾಗ ಉದುರುತ್ತದೆ. ತುಡುವೆಗೂ ಹೆಜ್ಜೇನಿಗೂ ಈ ವಿದ್ಯೆ ಬಾರದು. ಮರ ಕೊರೆಯುವ ಕಪ್ಪು ದುಂಬಿಗೆ ಬರುತ್ತದೆ. ಗಾಳಿಯ ಅಲುಗಾಟಕ್ಕೂ ಅಷ್ಟಿಷ್ಟು ಪರಾಗ ಬೀಳುವುದುಂಟು. ಆದರೆ ಇಂತಹ ಜೇನು ಬಂದು ಹೋದ ಹೂವಿನಲ್ಲಿ ಕಾಯಿ ಚೆನ್ನಾಗಿ ಕಟ್ಟುತ್ತದೆ.

ಎಲ್ಲ ಬೆಳೆಗೂ ಜೇನು ಬೇಕೆಂದು ಮಕ್ಕಳಿಗೆ ಹೇಳಬಾರದು. ಭತ್ತ ಮತ್ತು ರಾಗಿಗೆ ಅದರ ಅಗತ್ಯವಿಲ್ಲ. ಕಬ್ಬನ್ನು ನಾವು ತುಂಡಿನಿಂದ ನಾಟಿ ಮಾಡುತ್ತೇವೆ. ಕುಂಬಳ, ಹೀರೆ, ಹುಚ್ಚೆಳ್ಳು ಮುಂತಾದವು ಕೀಟಗಳಿಲ್ಲದೆ ಫಲ ಕೊಡಲಾರವು. 2016ರಲ್ಲಿ ಹೊರಬಂದ ಜೀವವೈವಿಧ್ಯ ಕುರಿತ ಅಂತರ ಸರ್ಕಾರಿ ವೇದಿಕೆಯ ವರದಿಯ ಪ್ರಕಾರ, ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ನಾಲ್ಕನೇ ಮೂರು ಭಾಗ ಅಲ್ಪಸ್ವಲ್ಪವಾದರೂ ಪರಾಗಸ್ಪರ್ಶ ಮಾಡುವ ಜೀವಿಗಳನ್ನು ಅವಲಂಬಿಸಿವೆ. ಊಟದ ತಟ್ಟೆಯಲ್ಲಿ ಮುದ್ದೆ ಜೇನಿಲ್ಲದೆಯೂ ಬರುತ್ತದೆ. ಅದರ ಪಕ್ಕದ ಪಲ್ಯಕ್ಕೆ ಜೇನಿನ ಋಣವಿದೆ.

ಮಕ್ಕಳು ಮಾಡಬಹುದಾದ ಮೂರು ಪ್ರಯೋಗಗಳು

1. ಪ್ರೌಢಶಾಲೆಯಲ್ಲಿ ಶಬ್ದದ ಪಾಠಕ್ಕೆ ಬಳಸುವ ಶ್ರುತಿಕವೆಯನ್ನು ಮಿಡಿದು, ಅರಳಿದ ಬದನೆ ಹೂವಿನ ಪರಾಗಕೋಶಕ್ಕೆ ಮೆಲ್ಲಗೆ ತಾಗಿಸಬೇಕು. ಕೆಳಗೆ ಕಪ್ಪು ಕಾಗದ ಹಿಡಿದರೆ ಹಳದಿ ಪುಡಿ ಬೀಳುವುದು ಕಾಣುತ್ತದೆ.

2. ಕುಂಬಳದ ಬಳ್ಳಿಯಲ್ಲಿ ಬುಡದಲ್ಲೇ ಪುಟ್ಟ ಕಾಯಿಯಿರುವ ಹೆಣ್ಣು ಮೊಗ್ಗನ್ನು ಅರಳುವ ಹಿಂದಿನ ಸಂಜೆ ಸೊಳ್ಳೆಪರದೆಯ ಬಟ್ಟೆಯಿಂದ ಮುಚ್ಚಿ, ಹೂ ಬಾಡುವವರೆಗೆ ಬಿಡಬೇಕು. ಮತ್ತೊಂದನ್ನು ಮುಚ್ಚದೆ ಬಿಡಬೇಕು. ಮುಚ್ಚಿದ್ದು ಕಾಯಿ ಕಟ್ಟದೆ ಉದುರಿಹೋಗುತ್ತದೆ.

3. ಶಾಲೆಯ ಸುತ್ತಲಿನ ಮಣ್ಣಿನ ದಿಬ್ಬ, ಹಳೆಯ ಗೋಡೆಗಳಲ್ಲಿ ಜೇನು ಒಳಹೋಗಿ ಬರುವ ರಂಧ್ರಗಳನ್ನು ಎಣಿಸಿ, ನಕ್ಷೆಯಲ್ಲಿ ಗುರುತಿಸಬೇಕು. ರಂಧ್ರಕ್ಕೆ ಕಡ್ಡಿ ಹಾಕುವುದು, ಜೇನನ್ನು ಹಿಡಿಯುವುದು ಬೇಡ. ಒಂಟಿ ಜೇನು ತಾನಾಗಿ ಮೇಲೆರಗುವುದು ವಿರಳ. ಗಂಡಿಗೆ ಕೊಂಡಿಯೇ ಇಲ್ಲ. ಆದರೆ ಹೆಜ್ಜೇನಿನ ಹುಟ್ಟಿಯ ಸಮೀಪ ಮಕ್ಕಳನ್ನು ಕರೆದೊಯ್ಯಲೇಬಾರದು. ಈ ವ್ಯತ್ಯಾಸವೂ ಪಾಠದ ಭಾಗವಾಗಿರಲಿ.

ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಒಂಟಿ ಜೇನಿಗೆ ದೊಡ್ಡ ಅಪಾಯ ಬರುವುದು ನೆಲ ಮುಚ್ಚಿಹೋಗುವುದರಿಂದ. ಶಾಲಾ ಆವರಣಕ್ಕೆ ಪೂರ್ತಿಯಾಗಿ ಇಂಟರ್‌ಲಾಕ್ ಟೈಲ್ಸ್ ಹಾಸಿದಾಗ, ಚರಂಡಿ ಬದಿಯ ದಿಬ್ಬವನ್ನು ಜೆಸಿಬಿಯಿಂದ ಕೆರೆದು ಸಮ ಮಾಡಿದಾಗ, ಒಂದು ವರ್ಷದ ಸಂತತಿಯೇ ಮಣ್ಣಿನಡಿಯಲ್ಲಿ ನಾಶವಾಗಬಹುದು. ಹಾಗೆಂದು ಕಾಮಗಾರಿ ನಿಲ್ಲಿಸಬೇಕಿಲ್ಲ. ಕೆರೆ ಏರಿಯ ಭದ್ರತೆಯಲ್ಲಿ ರಾಜಿಯೂ ಸಲ್ಲದು. ಅಂದಾಜು ಪಟ್ಟಿ ತಯಾರಿಸುವ ಮುನ್ನ ಸ್ಥಳ ಪರಿಶೀಲನೆಯಲ್ಲಿ ಈ ರಂಧ್ರಗಳನ್ನೂ ನೋಡಿ, ಆವರಣದ ಒಂದು ಮೂಲೆಯನ್ನು ಬಿಸಿಲು ಬೀಳುವಂತೆ, ನೀರು ನಿಲ್ಲದಂತೆ ಮಣ್ಣಿನ ನೆಲವಾಗಿಯೇ ಉಳಿಸಿದರೆ ಸಾಕು. ಇದಕ್ಕೆ ಪ್ರತ್ಯೇಕ ಅನುದಾನ ಬೇಕಿಲ್ಲ.

ಜೀವವೈವಿಧ್ಯ ಅಧಿನಿಯಮ 2002ರ ಪ್ರಕರಣ 41ರಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಮಕ್ಕಳು ಬರೆದ ನಕ್ಷೆಯನ್ನು ಆ ಸಮಿತಿಯ ಮುಂದಿಟ್ಟು, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಬಹುದು. ಮಕ್ಕಳ ಗ್ರಾಮ ಸಭೆಯಲ್ಲಿ ಅದನ್ನು ಅವರಿಂದಲೇ ಮಂಡಿಸಬಹುದು. ವಿಶ್ವಸಂಸ್ಥೆ ಘೋಷಿಸಿರುವ ವಿಶ್ವ ಜೇನು ದಿನ ಮೇ 20, ಶಾಲೆಗೆ ಬೇಸಿಗೆ ರಜೆಯ ಕಾಲದಲ್ಲಿ ಬರುವುದರಿಂದ ಆ ದಿನದ ಕಾರ್ಯಕ್ರಮಕ್ಕೆ ಅರಿವು ಕೇಂದ್ರವೇ ಸೂಕ್ತ ಸ್ಥಳ. ಹೂವಿರುವ ಬೆಳೆಗೆ ಬೆಳಗಿನ ಹೊತ್ತು ಕೀಟನಾಶಕ ಸಿಂಪಡಿಸದೆ, ಜೇನಿನ ಓಡಾಟ ನಿಂತ ಸಂಜೆಯ ವೇಳೆ ಸಿಂಪಡಿಸುವಂತೆ ರೈತರಿಗೆ ವಾರ್ಡ್ ಸಭೆಗಳಲ್ಲಿ ತಿಳಿಸುವುದು ಸದಸ್ಯರ ಕೈಯಲ್ಲಿಯೇ ಇದೆ.

1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿಗೆ ನಮ್ಮ ಮಕ್ಕಳು ಪ್ರವಾಸ ಹೋಗಿ ಕೊಕ್ಕರೆಗಳನ್ನು ಗುರುತಿಸಲು ಕಲಿಯುತ್ತಾರೆ. ತಮ್ಮ ಶಾಲೆಯ ಹಿಂದಿನ ಗೋಡೆಯಲ್ಲಿರುವ ಜೀವಿಯನ್ನೂ ಅವರು ಹೆಸರಿಟ್ಟು ಗುರುತಿಸುವಂತಾಗಲಿ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಪ್ರತಿ ಶಾಲೆಯಲ್ಲಿಯೂ ಇಂತಹ ಒಂದು ಮಣ್ಣಿನ ಮೂಲೆಯನ್ನು ಗುರುತಿಸಿ ಕಾಯ್ದಿರಿಸಲು ಕೋರಲಾಗಿದೆ.