ಹದಿನಾಲ್ಕು ಜನ ಬಸವರಾಜರು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಫೋನಿನಲ್ಲಿ ಒಂಬೈನೂರು ನಂಬರುಗಳಿವೆ, ಬಸವರಾಜರೇ ಹದಿನಾಲ್ಕು ಜನ. ಹಳೇ ವಿದ್ಯಾರ್ಥಿಯ ಮುಖ ಕಣ್ಣಮುಂದೆ ಬರುತ್ತದೆ, ಹೆಸರು ಬರುವುದಿಲ್ಲ. ಮಾತಾಡಬೇಕೆಂದುಕೊಂಡದ್ದು ಹಾಗೇ ಉಳಿಯುತ್ತದೆ. ಇದು ಮರೆವಿನ ಕಾಯಿಲೆಯೇ?
– ಓದುಗರು, ಯರಗುಪ್ಪಿ

ಉತ್ತರ: ಅಷ್ಟು ಮಕ್ಕಳಿಗೆ ಪಾಠ ಹೇಳಿದವರಿಗೆ ಒಂದು ಹೆಸರು ತಟ್ಟನೆ ಹೊಳೆಯದಿರುವುದು ಸಹಜ. ಅಂಜಿಕೆ ಹೋಗದಿದ್ದರೆ ವೈದ್ಯರಲ್ಲಿ ಒಮ್ಮೆ ಕೇಳಿ, ಅದರಲ್ಲಿ ಸಂಕೋಚ ಬೇಡ. ನಿಮ್ಮ ಪತ್ರ ಓದಿದರೆ ಮಾತ್ರ, ತೊಡಕಿರುವುದು ನಂಬರು ಬರೆದಿಟ್ಟ ರೀತಿಯಲ್ಲಿ ಅನಿಸುತ್ತದೆ.

ನಮ್ಮ ಕಡೆ ಮನುಷ್ಯನ ಗುರುತು ಊರು, ಮನೆತನ, ಕಸುಬು. ಗಾಯಕ ಸವಾಯಿ ಗಂಧರ್ವರು ಕೂಡ ಮೊದಲು ರಾಮಭಾವು ಕುಂದಗೋಳಕರ ಅಲ್ಲವೆ? ಫೋನಿಗೂ ಅದೇ ಗುರುತು ಹೇಳಿಕೊಡಿ. ಗೂಗಲ್ ಕಾಂಟ್ಯಾಕ್ಟ್ಸ್ (ನಂಬರುಗಳ ಪುಸ್ತಕದಂಥ ಆ್ಯಪ್) ತೆರೆದು, ಒಬ್ಬರ ಹೆಸರು ಮುಟ್ಟಿ, ಪೆನ್ಸಿಲ್ ಚಿಹ್ನೆ ಒತ್ತಿ. ಅಲ್ಲಿ ‘ನೋಟ್ಸ್’ (ಟಿಪ್ಪಣಿಯ ಜಾಗ) ಸಿಗುತ್ತದೆ. “ಸಂಶಿ, ಹತ್ತಿ ವ್ಯಾಪಾರ, ಕಬಡ್ಡಿ ಆಡುತ್ತಿದ್ದ” ಎಂದು ಬರೆದಿಡಿ. ಆಮೇಲೆ ಹುಡುಕುವ ಜಾಗದಲ್ಲಿ ‘ಕಬಡ್ಡಿ’ ಎಂದರೂ ಸಾಕು, ಆ ಬಸವರಾಜ ಎದುರಿಗೆ ಬರುತ್ತಾನೆ. ಮೊದಲು ಒಬ್ಬರದನ್ನು ಬರೆದು ಹುಡುಕಿ ನೋಡಿ. ಕೆಲವು ಫೋನುಗಳ ಸ್ವಂತ ಆ್ಯಪ್ ಬೇರೆ ಥರ ಇರಬಹುದು.

ಒಂಬೈನೂರನ್ನೂ ಒಂದೇ ದಿನ ತಿದ್ದಲು ಕೂಡಬೇಡಿ, ಬೇಸರ ಬಂದು ಬಿಟ್ಟುಬಿಡುತ್ತೀರಿ. ಯಾರದಾದರೂ ಕರೆ ಬಂದಾಗ, ಮಾತು ಮುಗಿದೊಡನೆ ಅವರದಷ್ಟು ಬರೆಯಿರಿ.

ಕಾಗುಣಿತದ ಬಗ್ಗೆ ಎಚ್ಚರ. ಯಂತ್ರಕ್ಕೆ ‘ಹುಬ್ಳಿ’ ಬೇರೆ, ‘ಹುಬ್ಬಳ್ಳಿ’ ಬೇರೆ. ಇಂಗ್ಲಿಷಿನಲ್ಲಿ ಬರೆದವರಿಗೂ ಇದೇ ಪಾಡು, 2014ರಲ್ಲಿ ಊರಿನ ಅಧಿಕೃತ ಕಾಗುಣಿತವೇ ಬದಲಾಯಿತು. ‘ಹುಬ್’ ಎಂದಷ್ಟೇ ಹೊಡೆದರೆ ಎರಡೂ ಸಿಗುತ್ತವೆ.

ಪ್ರಶ್ನೆ: ಫೋನಿನಲ್ಲಿ ‘ಲಕ್ಷ್ಮೇಶ್ವರ’ ಎಂದು ಊರಿನ ಹೆಸರಿನಿಂದ ಹುಡುಕಿದಾಗಲೆಲ್ಲ ತೀರಿಹೋದ ಗೆಳೆಯನ ಹೆಸರೂ ಬರುತ್ತದೆ. ಅಳಿಸಲು ಕೈ ಬರುವುದಿಲ್ಲ.
– ಇನ್ನೊಬ್ಬ ಓದುಗರು, ಯರಗುಪ್ಪಿ

ಉತ್ತರ: ಅಳಿಸಬೇಡಿ. ಅಳಿಸಲೇಬೇಕೆಂಬ ನಿಯಮ ಯಾವುದೂ ಇಲ್ಲ. ಕೈತಪ್ಪಿ ಅಳಿಸಿದರೂ, ಗೂಗಲ್ ಖಾತೆಯಲ್ಲಿ ಉಳಿಸಿದ ಹೆಸರು 30 ದಿನ ‘ಟ್ರ್ಯಾಶ್’ನಲ್ಲಿ (ಕಸದ ಬುಟ್ಟಿಯಲ್ಲಿ) ಇರುತ್ತದೆ, ವಾಪಸು ತರಬಹುದು.

ಆ ನಂಬರಿಗೆ ಮಾತ್ರ ಕರೆ, ಸಂದೇಶ ಬೇಡ. ನಂಬರು ಸ್ಥಗಿತವಾಗಿ 90 ದಿನ ಕಳೆದ ಮೇಲೆ ಅದನ್ನು ಬೇರೆಯವರಿಗೆ ಕೊಡಲು ಅವಕಾಶವಿದೆ. ಗೆಳೆಯನ ಹೆಸರಿನಡಿ ಅಪರಿಚಿತರ ದನಿ ಕೇಳಿದರೆ ನಿಮಗೇ ಸಂಕಟ. ಹೆಸರು ಹಾಗೇ ಇರಲಿ, ಹಳೇ ನಂಬರನ್ನು ನೋಟ್ಸಿಗೆ ಸರಿಸಿ, ಅದರ ಜಾಗದಲ್ಲಿ ಅವರ ಮಗನದೋ ಮಗಳದೋ ನಂಬರು ಹಾಕಿ. ಮುಂದಿನ ಸಲ ಲಕ್ಷ್ಮೇಶ್ವರ ಹುಡುಕಿದಾಗ ಆ ಮನೆಗೂ ಒಂದು ಕರೆ ಹೋಗಲಿ.